ನೋಡುವವರ ಪಾಲು



ಸುಝೇನ್ ಕಾಲಿನ್ಸ್ ಅವರ ‘ದಿ ಹಂಗರ್ ಗೇಮ್ಸ್’ ಕಾದಂಬರಿ 2008ರಲ್ಲಿ ಬಂತು. 2010ರಲ್ಲಿ ಅದರ ಮೂರನೆಯ ಭಾಗ. ಹದಿಹರೆಯದಲ್ಲಿ ಓದಿದಾಗ ನಾನೇ ಕ್ಯಾಟ್ನಿಸ್ ಎಂದುಕೊಂಡಿದ್ದೆ. ತಂಗಿಯ ಬದಲು ತಾನೇ ಸಾವಿನ ಆಟಕ್ಕೆ ಹೊರಟ ಹುಡುಗಿ ಅವಳು. ಈಗ ಅಕ್ಕನ ಮಗಳಿಗೆ ಹನ್ನೆರಡು ತುಂಬಿತು. ಕಥೆಯಲ್ಲಿ ಮಕ್ಕಳ ಹೆಸರು ಚೀಟಿಗೆ ಬೀಳುವ ವಯಸ್ಸೂ ಅದೇ. ಅವಳು ಪುಸ್ತಕ ಕೇಳಿದ್ದರಿಂದ ನಾನೂ ಮತ್ತೊಮ್ಮೆ ಓದಿದೆ.

ಈ ಸಲ ಕಣ್ಣು ಬೇರೆ ಕಡೆ ಬಿತ್ತು. ಬಡಮಕ್ಕಳು ಒಂದಷ್ಟು ಧಾನ್ಯ, ಎಣ್ಣೆಗಾಗಿ ತಮ್ಮ ಹೆಸರಿನ ಚೀಟಿಯನ್ನು ಹೆಚ್ಚು ಸಲ ಹಾಕಿಸುತ್ತಾರೆ. ಚೀಟಿ ಎತ್ತುವ ಕೈಗೆ ಪಕ್ಷಪಾತ ಬೇಕಿಲ್ಲ. ಅನ್ಯಾಯ ಆಗಲೇ ಒಳಗೆ ಸೇರಿರುತ್ತದೆ. ರಾಜಧಾನಿಯ ಜನಸಾಮಾನ್ಯರು ಆ ಮಕ್ಕಳನ್ನು ಕೈಯಾರೆ ಕೊಲ್ಲುವುದಿಲ್ಲ. ಟಿವಿ ಮುಂದೆ ಕೂತು ಅಳುತ್ತಾರೆ, ಮೆಚ್ಚಿದವರಿಗೆ ಉಡುಗೊರೆ ಕಳಿಸುತ್ತಾರೆ, ಮುಂದಿನ ವರ್ಷ ಮತ್ತೆ ನೋಡುತ್ತಾರೆ. ಅವರಿಗೆ ಮರುಕವಿಲ್ಲವೆಂದಲ್ಲ, ಆ ಮರುಕವೂ ಮನರಂಜನೆಯ ಒಂದು ಭಾಗ.

ನಾನೂ ಯಾರದೋ ಮಗುವಿನ ಸಂಕಟದ ವಿಡಿಯೋ ನೋಡಿ, ‘ಅಯ್ಯೋ ಪಾಪ’ ಎಂದು ನಾಲ್ಕು ಜನರಿಗೆ ಕಳಿಸಿ, ಊಟಕ್ಕೆ ಎದ್ದವಳೇ. ಕಣ್ಣೀರು ಬಂದ ಮಾತ್ರಕ್ಕೆ ಹೊಣೆ ತೀರಿತೇ?

ಪುಸ್ತಕ ಮುಗಿಸಿದ ಹುಡುಗಿ ಕೇಳಿದಳು: “ಚಿಕ್ಕಮ್ಮಾ, ನೀವು ಆ ರಾಜಧಾನಿಯಲ್ಲಿ ಇದ್ದಿದ್ದರೆ?”

‘ಟಿವಿ ಆರಿಸುತ್ತಿದ್ದೆ’ ಎನ್ನಲು ನನಗೆ ಬಾಯಿ ಬರಲಿಲ್ಲ.