ಮಿತವ್ಯಯವೋ ಲೋಭವೋ: ಅಂಗಡಿಯ ಸ್ವಂತ ಹೆಸರಿನ ಶುಚಿಸಾಮಗ್ರಿಗಳನ್ನು ಕುರಿತು ಒಂದು ವಿಚಾರ

ಗೃಹಸ್ಥನು ಮನೆ ಕಟ್ಟುವಾಗ, ಮಗಳ ಮದುವೆ ಮಾಡುವಾಗ ಹತ್ತು ಜನರ ಸಲಹೆ ಕೇಳಿ ಖರ್ಚು ಮಾಡುತ್ತಾನೆ. ಆದರೆ ನೆಲ ಒರೆಸುವ ಫಿನಾಯಿಲ್, ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಸೋಪು, ಶೌಚಾಲಯಕ್ಕೆ ಹಾಕುವ ಆ್ಯಸಿಡ್ ಇವುಗಳಿಗೆ ತಿಂಗಳು ತಿಂಗಳೂ ಹೋಗುವ ಹಣವನ್ನು ಯಾರೂ ಕೂಡಿಸಿ ನೋಡುವುದಿಲ್ಲ. ಸಣ್ಣ ಖರ್ಚೆಂಬ ಕಾರಣಕ್ಕೆ ಅದು ವಿಚಾರದ ಆಚೆಗೆ ಉಳಿಯುತ್ತದೆ. ವಾಸ್ತವವಾಗಿ ಮನುಷ್ಯನ ವಿವೇಕ ಪರೀಕ್ಷೆಗೆ ಒಳಗಾಗುವುದು ಇಂತಹ ನಿತ್ಯದ, ಸಣ್ಣ ವ್ಯವಹಾರಗಳಲ್ಲಿಯೇ.

ಉತ್ತರ ಕರ್ನಾಟಕದ ಒಂದು ಊರಿನ ಬಸದಿಗೆ ಹೊಂದಿಕೊಂಡಂತೆ ಯಾತ್ರಿಕರು ತಂಗುವ ಧರ್ಮಶಾಲೆಯೊಂದಿದೆ. ವರ್ಷದ ಲೆಕ್ಕ ನೋಡುವ ಸಭೆಯಲ್ಲಿ ಅಲ್ಲಿಯ ಟ್ರಸ್ಟಿನ ಕೋಶಾಧ್ಯಕ್ಷರು ಒಂದು ಸಲಹೆಯನ್ನು ಮುಂದಿಟ್ಟರು. ಶುಚಿತ್ವದ ಸಾಮಾನುಗಳನ್ನು ಹೆಸರಾಂತ ಕಂಪನಿಗಳದ್ದೇ ತರುವುದಕ್ಕೆ ಬದಲಾಗಿ, ಪೇಟೆಯ ಸೂಪರ್‌ಮಾರ್ಕೆಟ್ ತನ್ನದೇ ಹೆಸರಿನಲ್ಲಿ ಮಾರುವ ಸಾಮಾನುಗಳನ್ನು ತಂದರೆ ಖರ್ಚಿನಲ್ಲಿ ಮೂರನೆಯ ಒಂದು ಪಾಲು ಉಳಿಯುತ್ತದೆ ಎಂಬುದು ಆ ಸಲಹೆ. ಹಿರಿಯ ಟ್ರಸ್ಟಿಯೊಬ್ಬರಿಗೆ ಅದು ಒಪ್ಪಿಗೆಯಾಗಲಿಲ್ಲ. “ತಮ್ಮಾ, ದೇವರ ಅಂಗಳಕ್ಕ ಅಗ್ಗದ ಸಾಮಾನು ಹಾಕೂದು ನನ್ನ ಮನಸ್ಸಿಗೆ ಬರವಲ್ದು” ಎಂದರು. ಕೋಶಾಧ್ಯಕ್ಷರು ವಿನಯದಿಂದಲೇ ಉತ್ತರಿಸಿದರು: “ಕಾಕಾ, ಇದು ದಾನಿಗಳ ರೊಕ್ಕ. ಟೀವಿ ಜಾಹೀರಾತಿನ ಖರ್ಚು ನಾವ್ಯಾಕ ಕೊಡಬೇಕು?”

ಇಬ್ಬರ ಮಾತಿನಲ್ಲೂ ಸತ್ಯದ ಒಂದೊಂದು ಅಂಶವಿದೆ. ಹಾಗಾದರೆ ಅಗ್ಗವಾದುದನ್ನು ಕೊಳ್ಳುವುದು ಯಾವಾಗ ಮಿತವ್ಯಯವೆನಿಸುತ್ತದೆ, ಯಾವಾಗ ಲೋಭವೆನಿಸುತ್ತದೆ? ಇದೇ ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ.

ಅಗ್ಗವಾಗಲು ಕಾರಣವೇನು?

ಮೊದಲು ವಸ್ತುಸ್ಥಿತಿಯನ್ನು ಅರಿಯಬೇಕು. ದೊಡ್ಡ ಅಂಗಡಿಯು ಸಾಮಾನ್ಯವಾಗಿ ಸೋಪಿನ ಕಾರ್ಖಾನೆಯನ್ನು ತಾನೇ ನಡೆಸುವುದಿಲ್ಲ. ಬೇರೊಬ್ಬ ಉತ್ಪಾದಕನಿಂದ ಸಾಮಗ್ರಿಯನ್ನು ತಯಾರು ಮಾಡಿಸಿ, ಅದರ ಮೇಲೆ ತನ್ನ ಹೆಸರನ್ನು ಹಾಕಿಸುತ್ತದೆ. ನಡುವಿನ ಏಜೆಂಟರ, ಸಗಟು ವ್ಯಾಪಾರಿಗಳ ಕಮಿಷನ್ ಅಲ್ಲಿ ಉಳಿಯುತ್ತದೆ. ಜಾಹೀರಾತಿನ ಖರ್ಚು ಬಹುಮಟ್ಟಿಗೆ ಇರುವುದಿಲ್ಲ. ತನ್ನದೇ ಕಪಾಟಿನಲ್ಲಿ ಇಡುವುದರಿಂದ ಜಾಗಕ್ಕಾಗಿ ಯಾರಿಗೂ ಹಣ ಕೊಡಬೇಕಾಗಿಲ್ಲ.

ಈ ಪದ್ಧತಿ ಹೊಸದೇನೂ ಅಲ್ಲ. ಫ್ರಾನ್ಸಿನ ಕಾರ್ಫೂರ್ ಎಂಬ ಅಂಗಡಿ ಸಮೂಹವು 1976ರಲ್ಲಿಯೇ ಹೆಸರಾಂತ ಗುರುತುಗಳಿಲ್ಲದ, ಸರಳ ಪೊಟ್ಟಣದ 50 ಬಗೆಯ ಸಾಮಾನುಗಳನ್ನು ಮಾರಾಟಕ್ಕಿಟ್ಟಿತ್ತು. ನಮ್ಮ ದೇಶದಲ್ಲಿ 2001ರಲ್ಲಿ ಆರಂಭವಾದ ಬಿಗ್ ಬಜಾರ್ ‘ಕ್ಲೀನ್ ಮೇಟ್’ ಎಂಬ ಸ್ವಂತ ಹೆಸರಿನಲ್ಲಿ ಶುಚಿಸಾಮಗ್ರಿಗಳನ್ನು ಮಾರುತ್ತಿತ್ತು. 2022ರಲ್ಲಿ ಆ ಅಂಗಡಿಗಳು ಮುಚ್ಚಿದವು. ಈಗ ಬೇರೆ ಬೇರೆ ಸರಪಳಿ ಅಂಗಡಿಗಳು ಅದೇ ದಾರಿಯಲ್ಲಿವೆ.

ಹೆಸರಿಗೆ ತೆರುವ ಬೆಲೆ ಎಷ್ಟೆಂಬುದನ್ನು ನಮ್ಮವರಿಗೆ ತೋರಿಸಿಕೊಟ್ಟದ್ದು ಅದಕ್ಕೂ ಹಿಂದಿನ ಒಂದು ಘಟನೆ. 1969ರಲ್ಲಿ ಗುಜರಾತಿನ ಕರ್ಸನ್‌ಭಾಯಿ ಪಟೇಲ್ ಎಂಬ ರಸಾಯನಶಾಸ್ತ್ರ ಪದವೀಧರರು ತಾವೇ ಬೆರೆಸಿದ ಒಗೆಯುವ ಪುಡಿಯನ್ನು ಸೈಕಲ್ಲಿನ ಮೇಲಿಟ್ಟುಕೊಂಡು ಅಹಮದಾಬಾದಿನ ಮನೆಮನೆಗೆ ಹೋಗಿ ಮಾರತೊಡಗಿದರು. ದೊಡ್ಡ ಕಂಪನಿಯ ಪುಡಿಗೆ ಕಿಲೋಗೆ ಸುಮಾರು 13 ರೂಪಾಯಿ ಇದ್ದಾಗ ಅವರ ನಿರ್ಮಾ ಪುಡಿಗೆ ಇದ್ದುದು ಮೂರು ಮೂರೂವರೆ ರೂಪಾಯಿ. ಅಲ್ಲಿಯವರೆಗೆ ಬಾರ್ ಸೋಪನ್ನೇ ನಂಬಿದ್ದ ಎಷ್ಟೋ ಮನೆಗಳಿಗೆ ಒಗೆಯುವ ಪುಡಿ ಬಂದುದು ಆ ಬೆಲೆಯಿಂದ. ಆದುದರಿಂದ ಬೆಲೆ ಕಡಿಮೆ ಎಂಬ ಒಂದೇ ಕಾರಣಕ್ಕೆ ವಸ್ತುವನ್ನು ಕೀಳೆಂದು ತಿಳಿಯುವುದು ವಿವೇಕವಲ್ಲ. ಹಿರಿಯ ಟ್ರಸ್ಟಿಯವರ ಭಕ್ತಿ ದೊಡ್ಡದು. ಆದರೆ ದುಬಾರಿ ಫಿನಾಯಿಲ್ ಹಾಕಿದ ಮಾತ್ರಕ್ಕೆ ಅಂಗಳದ ಪಾವಿತ್ರ್ಯ ಹೆಚ್ಚುವುದಿಲ್ಲ.

ಮಾರುವವನ ಧರ್ಮ

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯ ವ್ರತದ ಅತಿಚಾರಗಳನ್ನು ಹೇಳುವಾಗ ಎರಡು ದೋಷಗಳು ನೇರವಾಗಿ ವ್ಯಾಪಾರಕ್ಕೆ ಸಂಬಂಧಿಸಿವೆ. ಒಂದು, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವ ಹೀನಾಧಿಕ ಮಾನೋನ್ಮಾನ. ಇನ್ನೊಂದು, ಒಂದರಂತೆ ಕಾಣುವ ಇನ್ನೊಂದನ್ನು ಕೊಡುವ ಪ್ರತಿರೂಪಕ ವ್ಯವಹಾರ. ಅಂಗಡಿಯ ಸ್ವಂತ ಹೆಸರಿನ ಸಾಮಾನನ್ನು ಈ ಎರಡು ಒರೆಗಲ್ಲಿಗೆ ಹಚ್ಚಿ ನೋಡಬಹುದು.

ಅಂಗಡಿಯು ತನ್ನ ಹೆಸರನ್ನು ಸ್ಪಷ್ಟವಾಗಿ ಹೇಳಿಕೊಂಡು ಕಡಿಮೆ ಬೆಲೆಗೆ ಮಾರಿದರೆ ಅದರಲ್ಲಿ ದೋಷವಿಲ್ಲ. ಅದು ಋಜುವಾದ ವ್ಯಾಪಾರ. ಆದರೆ ಹೆಸರಾಂತ ಕಂಪನಿಯ ಬಾಟಲಿಯ ಬಣ್ಣ, ಆಕಾರ, ಅಕ್ಷರದ ಬಾಗು ಎಲ್ಲವನ್ನೂ ಅನುಕರಿಸಿ, ಕನ್ನಡಕ ಮರೆತು ಬಂದ ಅಜ್ಜಿಯೊಬ್ಬಳು ಅದನ್ನೇ ಇದೆಂದು ತಿಳಿದು ಬುಟ್ಟಿಗೆ ಹಾಕಿಕೊಳ್ಳುವಂತೆ ಮಾಡಿದರೆ, ಕಾನೂನಿನ ಕೈಗೆ ಸಿಗದಿದ್ದರೂ ಅದು ಪ್ರತಿರೂಪಕ ವ್ಯವಹಾರದ ಛಾಯೆಯೇ ಸರಿ. ಹಾಗೆಯೇ ಬೆಲೆಯನ್ನು ಹಿಂದಿನಂತೆಯೇ ಇಟ್ಟು, ಬಾಟಲಿಯ ಎತ್ತರವನ್ನೂ ಹಾಗೆಯೇ ಇಟ್ಟು, ಒಳಗಿನ ದ್ರವವನ್ನು ಮಾತ್ರ ಸದ್ದಿಲ್ಲದೆ ಕಡಿಮೆ ಮಾಡುವುದು ತಕ್ಕಡಿಯಲ್ಲಿ ಮಾಡದೆ ಪೊಟ್ಟಣದಲ್ಲಿ ಮಾಡಿದ ಮೋಸ. ಮುದ್ರಿತ ಪ್ರಮಾಣ ನಿಜವೇ ಇರಬಹುದು, ಭಾವ ನಿರ್ಮಲವಾಗಿರುವುದಿಲ್ಲ. ಈ ದೋಷ ಹೆಸರಾಂತ ಕಂಪನಿಗಳಲ್ಲೂ ಉಂಟು ಎಂಬುದನ್ನು ಮರೆಯಬಾರದು.

ಕೊಳ್ಳುವವನ ಲೆಕ್ಕ

ಕೊಳ್ಳುವವನಿಗೂ ಕರ್ತವ್ಯವಿದೆ. ಪೊಟ್ಟಣದ ವಸ್ತುಗಳಿಗೆ ಸಂಬಂಧಿಸಿದ 2011ರ ತೂಕ ಅಳತೆ ನಿಯಮಗಳ ಪ್ರಕಾರ ತಯಾರಕರ ಅಥವಾ ಪೊಟ್ಟಣ ಕಟ್ಟಿದವರ ಹೆಸರು, ವಿಳಾಸ, ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆ ಇವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ಮುಂಭಾಗದ ಚಿತ್ರವನ್ನು ನೋಡುವವರು ಬಹಳ. ಹಿಂಭಾಗದ ಸಣ್ಣ ಅಕ್ಷರಗಳನ್ನು ಓದುವವರು ವಿರಳ. ಉಳಿತಾಯ ಇರುವುದು ಆ ಸಣ್ಣ ಅಕ್ಷರಗಳಲ್ಲಿ.

ಒಂದು ಸರಳ ಲೆಕ್ಕವನ್ನು ಗಮನಿಸಬಹುದು. ಹೆಸರಾಂತ ಕಂಪನಿಯ ನೆಲ ಒರೆಸುವ ದ್ರವ ಲೀಟರಿಗೆ 200 ರೂಪಾಯಿ, ಅಂಗಡಿಯ ಸ್ವಂತ ಹೆಸರಿನದು 120 ರೂಪಾಯಿ ಎಂದು ಭಾವಿಸಿದರೆ, ಮೇಲ್ನೋಟಕ್ಕೆ ಉಳಿತಾಯ 80 ರೂಪಾಯಿ. ಆದರೆ ಮೊದಲನೆಯದು ಬಕೆಟ್ಟಿಗೆ 20 ಮಿಲಿ ಸಾಕಾಗಿ, ಎರಡನೆಯದು ನೀರಾಗಿದ್ದು 40 ಮಿಲಿ ಬೇಕಾದರೆ? ಮೊದಲನೆಯದರಲ್ಲಿ ಲೀಟರಿಗೆ 50 ಬಕೆಟ್, ಅಂದರೆ ಬಕೆಟ್ಟಿಗೆ 4 ರೂಪಾಯಿ. ಎರಡನೆಯದರಲ್ಲಿ 25 ಬಕೆಟ್, ಅಂದರೆ ಬಕೆಟ್ಟಿಗೆ 4 ರೂಪಾಯಿ 80 ಪೈಸೆ. ಅಗ್ಗವಾದುದೇ ದುಬಾರಿಯಾಯಿತು. ಎರಡಕ್ಕೂ 20 ಮಿಲಿಯೇ ಸಾಕಾದರೆ ಅಂಗಡಿಯದಕ್ಕೆ ಬಕೆಟ್ಟಿಗೆ ಬೀಳುವುದು 2 ರೂಪಾಯಿ 40 ಪೈಸೆ. ಆಗ ಉಳಿತಾಯ ನಿಜವಾದದ್ದು. ಬಾಟಲಿಯ ಬೆಲೆಯನ್ನು ಹೋಲಿಸದೆ ಬಕೆಟ್ಟಿನ ಬೆಲೆಯನ್ನು ಹೋಲಿಸುವವನೇ ಲೆಕ್ಕ ಬಲ್ಲವನು. ಫಿನಾಯಿಲ್ ಕೊಳ್ಳುವಾಗ ಐ.ಎಸ್.ಐ. ಗುರುತು ಇದೆಯೇ ಎಂದು ನೋಡುವುದೂ ಅವಶ್ಯ. ಬರೀ ಸುವಾಸನೆಯು ಕ್ರಿಮಿನಾಶಕ ಶಕ್ತಿಯ ಅಳತೆಗೋಲಲ್ಲ.

ಸ್ನಾನದ ಸೋಪಿನಲ್ಲಿಯೂ ಹೀಗೆಯೇ. ಭಾರತೀಯ ಮಾನಕದಂತೆ ಮೊದಲನೆಯ ದರ್ಜೆಯ ಸೋಪಿನಲ್ಲಿ ಕನಿಷ್ಠ ಶೇ. 76, ಎರಡನೆಯದರಲ್ಲಿ ಶೇ. 70, ಮೂರನೆಯದರಲ್ಲಿ ಶೇ. 60 ಕೊಬ್ಬಿನಾಮ್ಲದ ಅಂಶವಿರಬೇಕು. ಪೊಟ್ಟಣದ ಮೇಲೆ ಟಿ.ಎಫ್.ಎಂ. ಎಂದು ಇದನ್ನು ನಮೂದಿಸಿರುತ್ತಾರೆ. ಅದು ಸಮನಾಗಿದ್ದರೆ ಹೆಚ್ಚಿನ ಹಣ ಬಹುತೇಕ ಹೋಗುವುದು ಹೆಸರಿಗೆ ಮತ್ತು ಪರಿಮಳಕ್ಕೆ. ಆದರೆ ಜೈನ ಕುಟುಂಬಗಳಿಗೆ ಇಲ್ಲಿ ಇನ್ನೊಂದು ಪ್ರಶ್ನೆಯೂ ಇದೆ: ಆ ಕೊಬ್ಬು ಯಾವುದು? ವನಸ್ಪತಿಯಲ್ಲಿ ಪ್ರಾಣಿಯ ಕೊಬ್ಬು ಬೆರೆತ ವಿಷಯ 1983ರಲ್ಲಿ ದೇಶವನ್ನೇ ಕಲಕಿತ್ತು. ಗ್ಲಿಸರಿನ್, ಸ್ಟಿಯರಿಕ್ ಆಮ್ಲ ಇವು ಸಸ್ಯದಿಂದಲೂ ಬರುತ್ತವೆ, ಪ್ರಾಣಿಯಿಂದಲೂ ಬರುತ್ತವೆ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಸಮಾಧಾನ. ಇಲ್ಲದಿದ್ದರೆ ಮುದ್ರಿತ ವಿಳಾಸಕ್ಕೆ ಒಂದು ಪತ್ರ ಬರೆದು ಕೇಳಬಹುದು. ಉತ್ತರ ಕೊಡದ ಅಂಗಡಿಯ ಸೋಪನ್ನು, ಅದು ಎಷ್ಟೇ ಅಗ್ಗವಾಗಿರಲಿ, ಬಿಡುವುದೇ ಲೇಸು.

ಉಳಿತಾಯದ ಭಾರವನ್ನು ಹೊರುವವರಾರು?

ಮೇಲಿನ ಸಭೆಯಲ್ಲಿ ಚರ್ಚೆ ಮುಗಿಯುವ ಹೊತ್ತಿಗೆ ಧರ್ಮಶಾಲೆಯನ್ನು ಗುಡಿಸಿ ಒರೆಸುವ ಹೆಂಗಸು ಚಹಾದ ಲೋಟಗಳನ್ನು ತೆಗೆಯಲು ಬಂದಳು. ಕೋಶಾಧ್ಯಕ್ಷರು ಪರೀಕ್ಷೆಗೆಂದು ಒಂದು ತಿಂಗಳ ಹಿಂದೆಯೇ ಅಗ್ಗದ ಸಾಮಾನುಗಳನ್ನು ಅವಳಿಗೆ ಕೊಟ್ಟಿದ್ದರು. ಹೇಗಿದೆಯೆಂದು ಕೇಳಿದಾಗ ಅವಳು ಕ್ಷಣ ಹೊತ್ತು ಸುಮ್ಮನಿದ್ದು, “ಸಾವ್ಕಾರ್ರ, ನೆಲ ಹೊಳೀತೈತಿ, ಖರೆ. ಆದ್ರ ಈ ಕೈ ನೋಡ್ರಿ” ಎಂದು ಅಂಗೈ ಚಾಚಿದಳು. ಬೆರಳ ಸಂದುಗಳಲ್ಲಿ ಚರ್ಮ ಬಿರಿದಿತ್ತು. ಸಭೆ ಮೌನವಾಯಿತು.

ಲೆಕ್ಕದ ಪುಸ್ತಕದಲ್ಲಿ ಈ ಖರ್ಚಿಗೆ ಕಾಲಂ ಇರುವುದಿಲ್ಲ. ಸೋಡಾ ಅಂಶ ಹೆಚ್ಚಿರುವ ಪುಡಿ ಚರ್ಮದ ಜಿಡ್ಡನ್ನು ಹೀರಿ ಒಣಗಿಸುತ್ತದೆ. ಶೌಚಾಲಯ ತೊಳೆಯುವ ದ್ರವದಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದರೊಡನೆ ಬ್ಲೀಚಿಂಗ್ ಪುಡಿಯನ್ನೋ ಬ್ಲೀಚ್ ದ್ರವವನ್ನೋ ಬೆರೆಸಿದರೆ ವಿಷಕಾರಿಯಾದ ಕ್ಲೋರಿನ್ ಅನಿಲ ಏಳುತ್ತದೆ. ಇಕ್ಕಟ್ಟಾದ ಶೌಚಾಲಯದಲ್ಲಿ ಅದು ಪ್ರಾಣಕ್ಕೇ ಅಪಾಯ. ಈ ಎಚ್ಚರಿಕೆ ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ ಇದ್ದರೂ ಓದಲು ಬಾರದವಳಿಗೆ ಅದರಿಂದ ಪ್ರಯೋಜನವೇನು? ಹೇಳಬೇಕಾದವನು ಯಜಮಾನನೇ. ಹೆಸರಾಂತ ಕಂಪನಿಯ ಆ್ಯಸಿಡ್ ಕೂಡ ಕೈಯನ್ನು ಸುಡುತ್ತದೆ ಎಂಬುದು ನಿಜ. ಆದುದರಿಂದ ದೋಷವು ಅಗ್ಗದ ಬೆಲೆಯಲ್ಲಿ ಮಾತ್ರ ಇಲ್ಲ. ಬಳಸುವವರ ಕೈಯನ್ನು ಒಮ್ಮೆಯೂ ನೋಡದೆ ಉಳಿತಾಯವಾಯಿತೆಂದು ಸಂತೋಷಪಡುವ ಮನಸ್ಸಿನಲ್ಲಿದೆ.

ಇನ್ನೊಂದು ಭಾರವನ್ನು ಹೊರುವುದು ನೀರು. 2015ರಲ್ಲಿ ಹಾಗೂ ಮುಂದಿನ ವರ್ಷಗಳಲ್ಲಿ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳಿಂದ ಎದ್ದ ಬಿಳಿಯ ನೊರೆ ಗಾಳಿಗೆ ಹಾರಿ ರಸ್ತೆಯ ಮೇಲೆ ಬಿದ್ದುದನ್ನು ಜನ ಕಂಡಿದ್ದಾರೆ. ಶುದ್ಧೀಕರಿಸದೆ ಬಿಟ್ಟ ಚರಂಡಿ ನೀರು ಅದರ ಮೂಲ. ಮನೆಮನೆಗಳ ಮಾರ್ಜಕಗಳೂ ಅದರಲ್ಲಿ ಸೇರಿದ್ದವು. ಕುಡಿಯುವ ನೀರನ್ನು ಸೋಸಿ ಕುಡಿಯುವ ಮನೆಯಿಂದಲೇ ಬಚ್ಚಲಿಗೆ ಅಳತೆಯಿಲ್ಲದೆ ಮಾರ್ಜಕ ಹರಿದರೆ, ಸೋಸುವಾಗ ತೋರಿದ ಜೀವದಯೆ ಬಚ್ಚಲ ತೂಬಿನಲ್ಲಿಯೇ ಮುಗಿದಂತಾಯಿತು. ಪ್ರಯೋಜನವಿಲ್ಲದೆ ನೀರು ಮೊದಲಾದವುಗಳನ್ನು ಕೆಡಿಸುವುದನ್ನು ಶ್ರಾವಕಾಚಾರ ಗ್ರಂಥಗಳು ಪ್ರಮಾದಚರ್ಯೆಯೆಂದು ಅನರ್ಥದಂಡದಲ್ಲಿ ಸೇರಿಸಿವೆ. ಇಲ್ಲಿ ಅಗ್ಗದ ಬೆಲೆಯ ಒಂದು ಅಪಾಯ ಕಾಣಿಸುತ್ತದೆ. ಕಡಿಮೆ ಬೆಲೆಗೆ ಬಂದುದನ್ನು ಕೈ ಧಾರಾಳವಾಗಿ ಸುರಿಯುತ್ತದೆ. ಒಂದು ಮುಚ್ಚಳ ಸಾಕಾದಲ್ಲಿ ಮೂರು ಮುಚ್ಚಳ ಬೀಳುತ್ತದೆ. ಆಗ ಹಣವೂ ಉಳಿಯುವುದಿಲ್ಲ, ಕೆರೆಯೂ ಉಳಿಯುವುದಿಲ್ಲ. ನೊರೆ ಹೆಚ್ಚಿದಷ್ಟೂ ಶುಚಿ ಹೆಚ್ಚೆಂಬುದು ಭ್ರಮೆ. ಎರಡು ತಲೆಮಾರಿನ ಹಿಂದೆ ಬೂದಿ ಮತ್ತು ತೆಂಗಿನ ನಾರಿನಿಂದ ಬೆಳಗಿದ ಪಾತ್ರೆಗಳು, ಹುಣಸೆಹಣ್ಣಿನಿಂದ ತಿಕ್ಕಿದ ತಾಮ್ರದ ಕೊಡಗಳು, ಅಂಟುವಾಳಕಾಯಿಯಲ್ಲಿ ಒಗೆದ ರೇಷ್ಮೆ ಮಡಿಗಳು ನೊರೆಯ ಅಬ್ಬರವಿಲ್ಲದೆಯೇ ಶುಭ್ರವಾಗಿದ್ದವು.

ಉಳಿದ ಹಣ ಎಲ್ಲಿಗೆ ಹೋಯಿತು?

ಕೊನೆಯ ಪ್ರಶ್ನೆ ಇದು. ಜಮಾ-ಖರ್ಚಿನ ಪುಸ್ತಕದಲ್ಲಿ ಉಳಿತಾಯವೆಂಬ ಖಾತೆ ತಾನಾಗಿ ಹುಟ್ಟುವುದಿಲ್ಲ. ಫಿನಾಯಿಲಿನಲ್ಲಿ ಉಳಿದ 80 ರೂಪಾಯಿ ಅದೇ ಅಂಗಡಿಯ ಇನ್ನೊಂದು ಕಪಾಟಿನಲ್ಲಿ ಬೇಡದ ವಸ್ತುವಾಗಿ ಬುಟ್ಟಿಗೆ ಬೀಳುವುದನ್ನು ಎಲ್ಲರೂ ಬಲ್ಲರು. ಎರಡು ಕೊಂಡರೆ ಒಂದು ಉಚಿತವೆಂಬ ಫಲಕವನ್ನು ಕಂಡು ಆರು ತಿಂಗಳಿಗಾಗುವಷ್ಟು ಸೋಪನ್ನು ಅಟ್ಟದ ಮೇಲೆ ಒಟ್ಟುವವನು ತಾನು ಉಳಿಸಿದೆನೆಂದು ತಿಳಿಯುತ್ತಾನೆ. ಅವನು ಮಾಡಿದ್ದು ಸಂಗ್ರಹ. ಭೋಗೋಪಭೋಗ ಪರಿಮಾಣ ವ್ರತವು ಬೆಲೆಯ ಮಿತಿಯನ್ನು ಹೇಳುವುದಿಲ್ಲ, ಬಳಕೆಯ ಮಿತಿಯನ್ನು ಹೇಳುತ್ತದೆ. ಬಳಕೆ ಇಳಿಯದೆ ಬೆಲೆ ಮಾತ್ರ ಇಳಿದರೆ ಅದು ಅಂಗಡಿಯ ಉಪಕಾರ. ಅದರಲ್ಲಿ ಗೃಹಸ್ಥನ ಸಾಧನೆಯೇನೂ ಇಲ್ಲ.

ಧರ್ಮಶಾಲೆಯ ಸಭೆ ಅಂದು ಒಂದು ನಿರ್ಣಯಕ್ಕೆ ಬಂದಿತು. ಬಟ್ಟೆಯ ಪುಡಿಯನ್ನು ಬದಲಿಸುವುದು, ಐ.ಎಸ್.ಐ. ಗುರುತುಳ್ಳ ಫಿನಾಯಿಲನ್ನು ಅಂಗಡಿಯ ಹೆಸರಿನದ್ದೇ ತರುವುದು, ಆ್ಯಸಿಡ್ಡನ್ನು ವಾರಕ್ಕೆ ಒಂದು ಬಾರಿ ಮಾತ್ರ ಬಳಸುವುದು. ಪ್ರತಿ ಬಾಟಲಿಯ ಜೊತೆಗೂ ಅಳತೆಯ ಒಂದು ಮುಚ್ಚಳವನ್ನು ದಾರದಲ್ಲಿ ಕಟ್ಟಿಡುವುದು. ಉಳಿದ ಹಣದಿಂದ ಮೊದಲು ರಬ್ಬರಿನ ಕೈಗವಸು ಮತ್ತು ಕೈಗೆ ಹಚ್ಚಲು ಕೊಬ್ಬರಿ ಎಣ್ಣೆ ಕೊಳ್ಳುವುದು, ಮಿಕ್ಕಿದ್ದನ್ನು ಆ ಹೆಂಗಸಿನ ಸಂಬಳಕ್ಕೆ ಸೇರಿಸುವುದು. ಇದನ್ನು ಸೂಚಿಸಿದವರು ಕೋಶಾಧ್ಯಕ್ಷರಲ್ಲ, ಅಗ್ಗದ ಸಾಮಾನನ್ನು ವಿರೋಧಿಸಿದ್ದ ಆ ಹಿರಿಯರೇ. “ದೇವರ ಅಂಗಳ ಅಂದ್ರ ಬರೇ ನೆಲ ಅಲ್ಲ ತಮ್ಮಾ, ಒರಸೋ ಕೈನೂ ಬಂತು” ಎಂದು ಅವರು ನುಡಿದರು.

ಅಗ್ಗವಾದುದನ್ನು ಕೊಳ್ಳುವುದರಲ್ಲಿ ನಾಚಿಕೆಯಿಲ್ಲ, ದುಬಾರಿಯಾದುದನ್ನು ಕೊಳ್ಳುವುದರಲ್ಲಿ ಹಿರಿಮೆಯೂ ಇಲ್ಲ. ಮಾರುವವನು ಮರೆಮಾಚದೆ ಮಾರಿದ್ದರೆ, ಕೊಳ್ಳುವವನು ಅಳತೆಯರಿತು ಬಳಸಿದರೆ, ಬಳಸುವ ಕೈಗಾಗಲಿ ಹರಿಯುವ ನೀರಿಗಾಗಲಿ ಅದರಿಂದ ನೋವಾಗದಿದ್ದರೆ, ಉಳಿದ ಹಣಕ್ಕೆ ಒಂದು ಸತ್ಪಾತ್ರ ದೊರೆತರೆ, ಅದು ಮಿತವ್ಯಯ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಆ ಉಳಿತಾಯವು ಲೋಭದ ಕಡೆಗೆ ವಾಲುತ್ತದೆ. ಮುಂದಿನ ತಿಂಗಳ ಸಾಮಾನಿನ ಚೀಟಿ ಬರೆಯುವಾಗ ಪ್ರತಿ ಕುಟುಂಬವೂ, ಪ್ರತಿ ಟ್ರಸ್ಟೂ ಈ ನಾಲ್ಕು ಮಾತುಗಳನ್ನು ಒಮ್ಮೆ ನೆನೆದರೆ ಸಾಕು.