ಹಿಂದೆ ಬರುವವರ ಹೆಜ್ಜೆ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ ಅಡಿರಾಂಡ್ಯಾಕ್ ಎಂಬ ಬೆಟ್ಟಗಾಡಿದೆ. ಅಲ್ಲಿನ ಸರಕಾರಿ ಕಾಡು ಎಂದೆಂದಿಗೂ ಕಾಡಾಗಿಯೇ ಉಳಿಯಬೇಕೆಂದು 1894ರಲ್ಲೇ ರಾಜ್ಯದ ಸಂವಿಧಾನದಲ್ಲಿ ಬರೆದಿಟ್ಟರು. ಚಳಿಗಾಲದಲ್ಲಿ ಡೇರೆ, ಹಾಸಿಗೆ, ಸ್ಟೌ ಬೆನ್ನಿಗೇರಿಸಿ ಆ ಬೆಟ್ಟ ಹತ್ತುವವರಿದ್ದಾರೆ. ಯಾರ ಹಂಗೂ ಇಲ್ಲದ ನಾಲ್ಕು ದಿನ ಬೇಕೆಂದು ಹೊರಟವರಿಗೆ ನಿಯಮಗಳ ಪಟ್ಟಿ ಎದುರಾಗುತ್ತದೆ. ಮೌಂಟ್ ಮಾರ್ಸಿ ಶಿಖರದ ಸುತ್ತಿನ ಕಾಡಿನಲ್ಲಿ ರಾತ್ರಿ ತಂಗುವ ಗುಂಪು 8 ಜನರನ್ನು ಮೀರಬಾರದು. ಅಲ್ಲಿ ಬೆಂಕಿ ಹಾಕಬಾರದು. ಹಿಮ 8 ಅಂಗುಲ ದಾಟಿದರೆ ಸ್ಕೀ ಇಲ್ಲವೇ ಸ್ನೋಶೂ ತೊಡಲೇಬೇಕು. ಕಾಲು ಹೂತುಹೋಗದಂತೆ ಬೂಟಿನಡಿ ಬಿಗಿಯುವ ಅಗಲವಾದ ಚೌಕಟ್ಟೇ ಸ್ನೋಶೂ.

ಈ ಬೆಳಗ್ಗೆ ನನ್ನನ್ನು ಹಿಡಿದು ನಿಲ್ಲಿಸಿರುವುದು ಆ ಕೊನೆಯ ನಿಯಮ. ಜನ ತುಳಿದು ದಾರಿ ಗಟ್ಟಿಯಾಗಿದೆ, ಬರಿಯ ಬೂಟು ಸಾಲದೇ? ಬಿದ್ದರೆ ಬೀಳುವವನು ನಾನು ತಾನೇ? ಹೀಗೆ ಗೊಣಗುವುದು ಸಹಜ.

ಆದರೆ ಬೆಳಿಗ್ಗೆ ಕಲ್ಲಿನಂತಿದ್ದ ಹಿಮ ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾಗುತ್ತದೆ. ಬರಿಯ ಬೂಟು ಊರಿದರೆ ಕಾಲು ತೊಡೆಯವರೆಗೂ ಇಳಿಯಬಹುದು. ಬೂಟು ಊರಿದವನೇನೋ ಕಾಲೆಳೆದುಕೊಂಡು ಮುಂದೆ ಹೋಗುತ್ತಾನೆ, ಗುಳಿ ಅಲ್ಲೇ ಉಳಿಯುತ್ತದೆ. ರಾತ್ರಿಯ ಚಳಿಗೆ ಅದರ ಅಂಚು ಹೆಪ್ಪುಗಟ್ಟುತ್ತದೆ. ಮೇಲೆ ಹೊಸ ಹಿಮ ಉದುರಿ ಬಾಯಿ ಮುಚ್ಚುತ್ತದೆ. ಮರುದಿನ ಸ್ಕೀ ಮೇಲೆ ಇಳಿದು ಬರುವ ಯಾರದೋ ಮೊಣಕಾಲು ಅದರಲ್ಲಿ ತಿರುಚಿಕೊಳ್ಳುತ್ತದೆ. ಗುಳಿ ಮಾಡಿದವನು ಅಷ್ಟು ಹೊತ್ತಿಗೆ ಮನೆ ಸೇರಿರುತ್ತಾನೆ. ಅವನಿಗೆ ಇದು ತಿಳಿಯುವುದೂ ಇಲ್ಲ.

ಬೆಂಕಿಯ ನಿಷೇಧ ಒಪ್ಪಿಕೊಳ್ಳಲು ನನಗೆ ಇನ್ನೂ ಕಷ್ಟ. ಸುತ್ತ ಮೊಣಕಾಲುದ್ದ ಹಿಮವಿರುವಾಗ ಕಾಡ್ಗಿಚ್ಚಿನ ಭಯವೆಲ್ಲಿ, ಬೆರಳು ಮರಗಟ್ಟಿದವರಿಗೆ ಒಂದಿಷ್ಟು ಕಾವು ಸಿಗಬಾರದೇ ಎನಿಸುತ್ತದೆ. ಆದರೆ ಉದುರಿದ ಸೌದೆಯೆಲ್ಲ ಹಿಮದಡಿ ಹೂತಿರುವ ಕಾಲ ಅದು. ಚಳಿಗೆ ನಡುಗುವ ಕೈ ಚಾಚುವುದು ನಿಂತ ಮರದ ಕೊಂಬೆಗೇ. ದಿನವೂ ಜನ ತಂಗುವ ಜಾಗದಲ್ಲಿ ಆ ಮರ ಎಷ್ಟು ಚಳಿಗಾಲ ಬಾಳೀತು?

ಇನ್ನೊಂದು ನಿಯಮವಿದೆ. ಕರಡಿ ಬಾಯಿ ಹಾಕದಂತೆ ಆಹಾರವನ್ನು ಗಟ್ಟಿ ಡಬ್ಬಿಯಲ್ಲಿಡುವುದು ಅಲ್ಲಿ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಕಡ್ಡಾಯ. ಕರಡಿ ಗುಹೆ ಸೇರಿ ಮಲಗುವ ತಿಂಗಳುಗಳಲ್ಲಿ ಅದನ್ನು ಹೊರಬೇಕಾಗಿಲ್ಲ. ಕಾಡನ್ನು ಹತ್ತಿರದಿಂದ ಬಲ್ಲವರು ಮಾತ್ರ ಹೀಗೆ ಬರೆಯಬಲ್ಲರು. ಡಬ್ಬಿ ಇಳಿಸಿ ಹಗುರಾದ ಚೀಲಕ್ಕೆ, ಗುರುತಿಲ್ಲದ ಒಬ್ಬರ ಮೊಣಕಾಲಿನ ಸಲುವಾಗಿ, ಒಂದು ಜೊತೆ ಸ್ನೋಶೂ ಸಿಕ್ಕಿಸಿಕೊಳ್ಳಲು ಏನಡ್ಡಿ?