ಅವಿಧೇಯತ್ವದ ಫಲ



ದೇವರ ಮಾತನ್ನು ಮೀರಿದವನಿಗೆ ಏನಾಗುವದು? ರೋಗವೋ ನಷ್ಟವೋ ಕೂಡಲೇ ಬರುವದೆಂದು ಕೆಲವರು ಹೇಳುತ್ತಾರೆ. ಹಾಗೇನೂ ಬಾರದಿರುವದನ್ನು ಕಂಡು, ದೇವರು ಇದನ್ನು ಲೆಕ್ಕಿಸುವದಿಲ್ಲವೆಂದು ಬೇರೆ ಕೆಲವರು ಎಣಿಸುತ್ತಾರೆ. ಈ ಎರಡೆಣಿಕೆಗಳೂ ಸರಿಯಲ್ಲ.

ಶಿಡ್ಲಘಟ್ಟ, ಚಿಂತಾಮಣಿ ಸೀಮೆಯಲ್ಲಿ ರೇಷ್ಮೆಹುಳು ಸಾಕುವವರು ಗಂಟುರೋಗವನ್ನು ಬಲ್ಲರು. ಈ ರೋಗವು ತಾಯಿಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆ. ಆದರೆ ಮೊಟ್ಟೆಯನ್ನು ಬರಿಗಣ್ಣಿನಿಂದ ನೋಡಿದರೆ ತಿಳಿಯದು. ಫ್ರಾನ್ಸ್ ದೇಶದ ಲೂಯಿ ಪಾಶ್ಚರನು 1865ರಿಂದ ಕೆಲವು ವರುಷ ಇದನ್ನು ಶೋಧಿಸಿ, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕೆಂದೂ, ರೋಗದ ಕಣಗಳು ಕಂಡರೆ ಅದರ ಮೊಟ್ಟೆಗಳನ್ನು ನಾಶಮಾಡಬೇಕೆಂದೂ ತೋರಿಸಿದನು. ಪರೀಕ್ಷಿಸಿದ ಮೊಟ್ಟೆಯನ್ನೇ ಸಾಕಬೇಕೆಂಬ ವಿಧಿಗೆ ಇದೇ ಕಾರಣ. ಅಗ್ಗವಾಗಿ ಸಿಕ್ಕಿತೆಂದು ಪರೀಕ್ಷಿಸದ ಮೊಟ್ಟೆಯನ್ನು ತಂದವನಿಗೆ ಆ ದಿನ ಏನೂ ಆಗುವದಿಲ್ಲ. ಹುಳುಗಳು ಹುಟ್ಟಿ ಸೊಪ್ಪು ತಿನ್ನುತ್ತವೆ. ಆದರೆ ಮೊಟ್ಟೆಯಲ್ಲಿ ರೋಗವಿದ್ದರೆ, ದಿನ ಕಳೆದಂತೆ ಕೆಲವು ಸಣ್ಣವಾಗಿಯೇ ಉಳಿಯುವವು. ಅವುಗಳ ಹಿಕ್ಕೆಯಿಂದ ಕೆಟ್ಟ ಸೊಪ್ಪನ್ನು ತಿಂದು ಒಳ್ಳೇ ಹುಳುಗಳೂ ರೋಗಕ್ಕೆ ಬೀಳುವವು. ತೋಟದ ಸೊಪ್ಪೆಲ್ಲಾ ಮುಗಿದ ಮೇಲೆ ಚಂದ್ರಿಕೆಯಲ್ಲಿ ಗೂಡು ಕಾಣದು. ಇದು ಹೊರಗಿನಿಂದ ಬಿದ್ದ ಪೆಟ್ಟಲ್ಲ, ವಿಧಿಯನ್ನು ಮೀರಿದ್ದರಲ್ಲೇ ಅಡಗಿದ್ದ ಫಲ.

ಅರಸನಾದ ಸೌಲನ ವಿಷಯವೂ ಹಾಗೆಯೇ. ಅಮಾಲೇಕ್ಯರ ಕುರಿದನಗಳಲ್ಲಿ ಒಂದನ್ನೂ ಉಳಿಸಬಾರದೆಂಬ ಅಪ್ಪಣೆಯಿರಲಾಗಿ, ಅವನು ಜನರಿಗೆ ಹೆದರಿ ಉತ್ತಮವಾದವುಗಳನ್ನು ಉಳಿಸಿ, ಯಜ್ಞಕ್ಕೆಂದು ನೆವ ಹೇಳಿದನು (1 ಸಮು. 15). ಆ ದಿನ ಅವನು ಸಿಂಹಾಸನದಿಂದ ಬೀಳಲಿಲ್ಲ. ಆದರೆ ಮನಸ್ಸು ಕಠಿಣವಾಗುತ್ತಾ ಬಂತು. ದಾವೀದನ ಮೇಲೆ ಹೊಟ್ಟೆಕಿಚ್ಚು ಬೆಳೆಯಿತು. ಕಡೆಗೆ ದೇವರಿಂದ ಉತ್ತರ ದೊರೆಯದೆ ಏಂದೋರಿನ ಮಂತ್ರಗಾರ್ತಿಯ ಬಳಿಗೆ ಹೋದನು. ಗಿಲ್ಬೋವ ಬೆಟ್ಟದಲ್ಲಿ ಅವನ ಮಗನಾದ ಯೋನಾತಾನನೂ ಅವನೊಡನೆ ಬಿದ್ದನು. ಒಂದು ಅಪ್ಪಣೆಯನ್ನು ಮೀರಿದ ಕಿವಿಗೆ ಮುಂದಿನ ಅಪ್ಪಣೆಯು ಕೇಳಿಸುವದು ಕಷ್ಟ. ಅದರ ನಷ್ಟವನ್ನು ಮನೆಯವರೂ ಹೊರುತ್ತಾರೆ.

ಹಾಗಾದರೆ ಬೆಳೆ ಕೆಟ್ಟವರೆಲ್ಲರೂ ದೇವರನ್ನು ಮೀರಿದವರೋ? ಎಂದಿಗೂ ಅಲ್ಲ. ವಿಧಿಯಂತೆ ಸಾಕಿದವನ ಹುಳುವೂ ಬೇಸಿಗೆಯ ಸೆಕೆಗೆ ಸಾಯುವದುಂಟು. ಒಳ್ಳೇ ಗೂಡಿಗೂ ಬೆಲೆ ಬೀಳುವದುಂಟು. ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಇತರರಿಗಿಂತ ಹೆಚ್ಚು ಪಾಪಿಗಳಲ್ಲವೆಂದು ಕರ್ತನು ತಾನೇ ತಿಳಿಸಿ, ಕೇಳಿದವರಿಗೆ ನೀವೇ ಪಶ್ಚಾತ್ತಾಪಪಡಿರೆಂದು ಬೋಧಿಸಿದನು (ಲೂಕ 13). ಆದಕಾರಣ ಸಭೆಯಲ್ಲಿ ಒಬ್ಬನ ಬೆಳೆ ಹೋದಾಗ, ಅವನ ಗುಪ್ತ ಪಾಪವೇನೆಂದು ಬಾವಿಯ ಬಳಿ ಮಾತಾಡುವದು ಕ್ರೈಸ್ತರಿಗೆ ತಕ್ಕದ್ದಲ್ಲ. ಅವನ ಮನೆಗೆ ಹೋಗಿರಿ, ಸಂಗಡ ಪ್ರಾರ್ಥಿಸಿರಿ, ಮುಂದಿನ ಬೆಳೆಗೆ ಕೈಲಾದ ಸಹಾಯ ಮಾಡಿರಿ. ಪರೀಕ್ಷೆಯನ್ನು ಪ್ರತಿಯೊಬ್ಬನೂ ತನ್ನ ಹೃದಯದಲ್ಲೇ ಮಾಡಿಕೊಳ್ಳಲಿ. ಅದೂ ಚಂದ್ರಿಕೆಯ ದಿನದ ವರೆಗೆ ಕಾಯದೆ, ಮೊಟ್ಟೆಯಲ್ಲಿರುವಾಗಲೇ.

ಗಂಟುರೋಗದ ಹುಳುವಿಗೆ ಔಷಧವಿಲ್ಲ, ಸುಡುವದೊಂದೇ ದಾರಿ. ನಮಗಾದರೋ ಕ್ರಿಸ್ತನಲ್ಲಿ ಕ್ಷಮೆಯುಂಟು. ಆದರೆ ಕ್ಷಮೆ ದೊರೆತೊಡನೆ ಫಲವೆಲ್ಲಾ ಅಳಿದುಹೋಗುವದೆಂದು ತಿಳಿಯಬಾರದು. ದಾವೀದನಿಗೆ ಕ್ಷಮೆಯಾಯಿತು, ಆದರೂ ಅವನ ಮನೆಯ ಕಲಹ ನಿಲ್ಲಲಿಲ್ಲ. ಜಕ್ಕಾಯನು ಅನ್ಯಾಯದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುವೆನೆಂದನು. ನಮ್ಮಲ್ಲಿಯೂ ತೂಕದಲ್ಲಿ ಮೋಸಮಾಡಿದವನು, ತಮ್ಮನ ಹೊಲದ ಬದುವನ್ನು ಒತ್ತಿದವನು, ಕೂಲಿಯನ್ನು ಹಿಡಿದಿಟ್ಟವನು ಇದ್ದರೆ, ದೇವರ ಮುಂದೆ ಅರಿಕೆಮಾಡಿ, ಬರುವ ಭಾನುವಾರದೊಳಗೆ ಅದನ್ನು ಸರಿಪಡಿಸಲಿ. ವಿಧೇಯತ್ವವು ಅಲ್ಲಿಂದಲೇ ಮತ್ತೆ ಆರಂಭವಾಗುವದು.